ಬೆರಳ ತುದಿಯ ಭಾಷಾಸಮಿತಿ



ನಮ್ಮ ಜತ್ತ ತಾಲ್ಲೂಕಿನ ಜೈನ ಮನೆಗಳಲ್ಲಿ ಒಂದು ಒಳ್ಳೆಯ ರೂಢಿ ಇಂದಿಗೂ ಉಳಿದು ಬಂದಿದೆ. ಸೂರ್ಯಾಸ್ತಕ್ಕೆ ಮುನ್ನ ಒಲೆಯ ಕೆಲಸ ಮುಗಿಯುತ್ತದೆ. ಹೊಲದಿಂದ ಬಂದವರೂ ಅಂಗಡಿಯಿಂದ ಬಂದವರೂ ಬೆಳಕಿರುವಾಗಲೇ ಉಣ್ಣುತ್ತಾರೆ; ಆಮೇಲೆ ನೀರನ್ನೂ ಮುಟ್ಟದ ಹಿರಿಯರು ನಮ್ಮ ನಡುವೆ ಇದ್ದಾರೆ. ನೀರನ್ನು ಸೋಸುತ್ತೇವೆ, ಚಾತುರ್ಮಾಸದಲ್ಲಿ ಸೊಪ್ಪನ್ನು ಬಿಡುತ್ತೇವೆ, ಗಡ್ಡೆ-ಗೆಣಸುಗಳ ವಿಷಯದಲ್ಲಿ ನೆಂಟರ ಮನೆಯಲ್ಲಿಯೂ ವಿಚಾರಿಸಿಯೇ ತುತ್ತೆತ್ತುತ್ತೇವೆ. ಬಾಯಿಯ ಒಳಕ್ಕೆ ಹೋಗುವುದರ ಬಗೆಗೆ ಇಷ್ಟು ಎಚ್ಚರವನ್ನು ನಮ್ಮ ಪೂರ್ವಜರು ನಮಗೆ ಕಲಿಸಿದ್ದಾರೆ. ಆದರೆ ಅದೇ ಮನೆಗಳಲ್ಲಿ, ರಾತ್ರಿ ಒಂಬತ್ತು ಗಂಟೆಯ ನಂತರ ದೂರದರ್ಶನದ ಮುಂದೆ ಕುಳಿತಾಗ, ಬಾಯಿಯಿಂದ ಹೊರಕ್ಕೆ ಹೋಗುವುದರ ಬಗೆಗೆ ಆ ಎಚ್ಚರ ಎಲ್ಲಿ ಅಡಗುತ್ತದೆ? ಅದೂ ಈಗ ಬಾಯಿಯಿಂದ ಹೋಗುತ್ತಿಲ್ಲ, ಬೆರಳ ತುದಿಯಿಂದ ಹೋಗುತ್ತಿದೆ.

2024ರ ದಶಲಕ್ಷಣ ಪರ್ವದ ಒಂದು ರಾತ್ರಿಯ ಸಂಗತಿಯನ್ನು ಹೇಳುತ್ತೇನೆ. ಆ ವರ್ಷ ಪರ್ವವು ಸೆಪ್ಟೆಂಬರ್ ತಿಂಗಳಲ್ಲಿ ಬಂದಿತ್ತು. ಮರಾಠಿ 'ಬಿಗ್ ಬಾಸ್'ನ ಐದನೆಯ ಆವೃತ್ತಿಯು ಜುಲೈ 28ರಂದು ಆರಂಭವಾಗಿ ಅಕ್ಟೋಬರ್ 6ರವರೆಗೆ ನಡೆದುದರಿಂದ ಹತ್ತು ಧರ್ಮಗಳ ಹತ್ತು ದಿನಗಳೂ ಅದರ ಹೊಟ್ಟೆಯೊಳಗೆ ಸೇರಿಹೋಗಿದ್ದವು. ನಾನು ಬಂಧುಗಳೊಬ್ಬರ ಮನೆಯಲ್ಲಿ ತಂಗಿದ್ದೆ. ಅಂದು ಉತ್ತಮ ಸತ್ಯದ ದಿನ. ಬೆಳಿಗ್ಗೆ ಬಸದಿಯಲ್ಲಿ ಸತ್ಯಧರ್ಮದ ವ್ಯಾಖ್ಯಾನವನ್ನು ಕೇಳಿ ಬಂದಿದ್ದೆವು. ಆ ಮನೆಯೂ ನಮ್ಮ ಭಾಗದ ಅನೇಕ ಮನೆಗಳಂತೆಯೇ. ಅಜ್ಜಿಗೆ ಕನ್ನಡವಲ್ಲದೆ ಬೇರೆ ಬಾರದು. ಸೊಸೆ ಮಿರಜದ ಕಡೆಯವರು, ಮರಾಠಿ ಮಾತನಾಡುವವರು. ಮೊಮ್ಮಗ ಸಾಂಗಲಿಯಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದುವವನು, ಮೂರು ಭಾಷೆಗಳನ್ನೂ ಸರಾಗವಾಗಿ ಬಲ್ಲವನು. ಆತ ಕಾರ್ಯಕ್ರಮವನ್ನು ನೋಡುತ್ತ ಮೊಬೈಲಿನಲ್ಲಿ ಏನನ್ನೋ ಬರೆದ. ಪಕ್ಕದಲ್ಲಿದ್ದ ನಾನು ಅದನ್ನು ಓದಿದೆ. ಅದರಲ್ಲಿದ್ದ ಚಾತುರ್ಯಕ್ಕೆ ನಗೆ ಬಂದಿತು, ನಕ್ಕೆ. ಕೆಲವು ನಿಮಿಷಗಳಲ್ಲಿ ಅದಕ್ಕೆ ಇನ್ನೂರಕ್ಕೂ ಹೆಚ್ಚು ಜನ ಮೆಚ್ಚುಗೆ ಒತ್ತಿದರು. ಆತ ಹಿಗ್ಗಿದ.

ಅಜ್ಜಿ ಕೇಳಿದರು: "ಏನ್ ಬರದ್ಯೋ ತಮ್ಮಾ, ಎಲ್ಲಾರೂ ನಗಾಕ ಹತ್ತೀರಿ. ನನಗೂ ಒಂದೀಟು ಓದಿ ಹೇಳು."

ಆತ "ಏನಿಲ್ಲ ಆಯಿ" ಎಂದ. ಅವರು ಬಿಡಲಿಲ್ಲ. ತಾಯಿ ಮೊಬೈಲನ್ನು ತೆಗೆದುಕೊಂಡು ಓದಿದರು. ಕನ್ನಡಕ್ಕೆ ತಿರುಗಿಸಿ ಹೇಳಲು ಬಾಯಿ ತೆರೆದರು, ಆಗಲಿಲ್ಲ. ಆಟದ ಮನೆಯಲ್ಲಿದ್ದ ಒಬ್ಬ ಹೆಣ್ಣುಮಗಳ ಮುಖವನ್ನು ಕುರಿತ ಒಂದು ಮಾತು, ಆಕೆಯ ತಾಯಿಯನ್ನು ಕುರಿತ ಇನ್ನೊಂದು ಮಾತು ಅದರಲ್ಲಿದ್ದವು. ಮೂರು ಭಾಷೆಗಳಿದ್ದ ಆ ಮನೆಯಲ್ಲಿ ಅಜ್ಜಿಯ ಮುಂದೆ ಹೇಳಬಹುದಾದ ಭಾಷೆ ಒಂದೂ ಇರಲಿಲ್ಲ. ಮನೆ ಸುಮ್ಮನಾಯಿತು. ನಾನು ನಕ್ಕದ್ದು ಅಜ್ಜಿಗೆ ಗೊತ್ತಿತ್ತು.

ಇಂಥ ಕಾರ್ಯಕ್ರಮಗಳು ನಮ್ಮ ನಾಡಿಗೆ ಹೊಸವೇನೂ ಅಲ್ಲ. ನೆದರ್ಲೆಂಡ್ಸ್ ದೇಶದಲ್ಲಿ 1999ರಲ್ಲಿ ಹುಟ್ಟಿದ ಈ ಮಾದರಿಯು 2006ರಲ್ಲಿ ಹಿಂದಿಗೂ, 2013ರಲ್ಲಿ ಕನ್ನಡಕ್ಕೂ, 2018ರಲ್ಲಿ ಮರಾಠಿಗೂ ಬಂದಿತು. ಗಡಿಭಾಗದವರಾದ ನಮಗೆ ಮೂರೂ ಮನೆಗಳು ತೆರೆದಿವೆ. ನೋಡಲೇಬಾರದೆಂದು ಉಪದೇಶಿಸುವುದು ಸುಲಭ, ಆದರೆ ನಾನೇ ನೋಡಿರುವುದರಿಂದ ಆ ಅಧಿಕಾರ ನನಗಿಲ್ಲ. ಅಪರಿಚಿತರನ್ನು ಒಂದು ಮನೆಯಲ್ಲಿ ಕೂಡಿಹಾಕಿ, ಅವರು ಜಗಳವಾಡುವುದನ್ನು ಕಾದು ಕುಳಿತು, ಯಾರು ಹೊರಬೀಳಬೇಕೆಂದು ಮತ ಹಾಕುವ ಈ ಆಟವನ್ನು ನಮ್ಮ ಆಚಾರ್ಯರು ಕಂಡಿರಲಿಲ್ಲ. ಆದರೂ ಇದರ ಒಳಗಿನ ದೋಷಗಳಿಗೆ ಅವರು ಹೆಸರಿಟ್ಟು ಹೋಗಿದ್ದಾರೆ ಎಂಬುದು ನನಗೆ ಮತ್ತೆ ಮತ್ತೆ ಆಶ್ಚರ್ಯವನ್ನುಂಟುಮಾಡುವ ವಿಷಯ.

ಶ್ರಾವಕನ ಗುಣವ್ರತಗಳಲ್ಲಿ ಅನರ್ಥದಂಡವಿರತಿ ಎಂಬುದೊಂದು ಇದೆ. ಯಾವ ಪ್ರಯೋಜನವೂ ಇಲ್ಲದೆ ಕಟ್ಟಿಕೊಳ್ಳುವ ಪಾಪವೇ ಅನರ್ಥದಂಡ. ಅದರಲ್ಲಿ ಅಪಧ್ಯಾನವೆಂಬ ಭೇದವನ್ನು ವಿವರಿಸುವಾಗ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಪರರ ವಧೆ-ಬಂಧನಗಳ ಚಿಂತನೆಯ ಜೊತೆಗೆ ಪರರ ಜಯ-ಪರಾಜಯಗಳು ಹೇಗಾದಾವೆಂಬ ಚಿಂತನೆಯನ್ನೂ ಸೇರಿಸಿದ್ದಾರೆ. ತನಗೆ ಸಂಬಂಧವೇ ಇಲ್ಲದ ಒಬ್ಬನು ಸೋಲಲಿ ಎಂದು ಮನಸ್ಸಿನಲ್ಲಿ ಹಂಬಲಿಸುವುದೂ ಅಪಧ್ಯಾನವೇ! ಕೇಳಬಾರದುದನ್ನು ಕೇಳಿ ಮನಸ್ಸನ್ನು ಕಲುಷಿತಗೊಳಿಸಿಕೊಳ್ಳುವುದು ದುಃಶ್ರುತಿ. ಇನ್ನು ಮೌಖರ್ಯ ಎಂದರೆ ವಿವೇಚನೆಯಿಲ್ಲದ ಬಾಯಿಬಡುಕತನ. ಅದು ಇದೇ ವ್ರತದ ಅತಿಚಾರ. ಸತ್ಯಾಣುವ್ರತದ ಅತಿಚಾರಗಳನ್ನು ನೋಡಿರಿ: ಸ್ತ್ರೀಪುರುಷರು ಏಕಾಂತದಲ್ಲಿ ನಡೆಸಿದುದನ್ನು ಬಯಲಿಗೆಳೆಯುವ ರಹೋಭ್ಯಾಖ್ಯಾನ, ಒಬ್ಬರು ಆಡದ ಮಾತನ್ನು ಮಾಡದ ಕಾರ್ಯವನ್ನು ಅವರದೆಂದು ಬರೆಯುವ ಕೂಟಲೇಖಕ್ರಿಯೆ. ಸುಳ್ಳು ಹೆಸರಿನಲ್ಲಿ ಖಾತೆ ತೆರೆದು, ಒಬ್ಬರ ಚಿತ್ರಕ್ಕೆ ಇನ್ನೊಬ್ಬರ ಮಾತನ್ನು ಅಂಟಿಸಿ ಹರಿಯಬಿಡುವ ನಮ್ಮ ಯುವಕರಿಗೆ ಇದಕ್ಕಿಂತ ನೇರವಾದ ಪದವನ್ನು ಯಾವ ಸೈಬರ್ ಠಾಣೆಯೂ ಒದಗಿಸಲಾರದು.

"ನಾನು ಬರೆದುದು ನಿಜವೇ ಆಗಿದೆಯಲ್ಲ! ಆಕೆ ಹಾಗೆ ನಡೆದುಕೊಂಡದ್ದನ್ನು ಎಲ್ಲರೂ ನೋಡಿದ್ದಾರೆ" ಎಂಬುದು ನಾನು ಅತಿ ಹೆಚ್ಚು ಕೇಳಿರುವ ಸಮಾಧಾನ. ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯವು ಈ ಬಾಗಿಲನ್ನು ಮುಚ್ಚಿದೆ. ಅವರು ಅಸತ್ಯವನ್ನು ವಿಂಗಡಿಸುವಾಗ ಇಲ್ಲದುದನ್ನು ಇದೆಯೆನ್ನುವುದು, ಇರುವುದನ್ನು ಇಲ್ಲವೆನ್ನುವುದು, ಒಂದನ್ನು ಮತ್ತೊಂದೆನ್ನುವುದು ಎಂಬ ಮೂರಕ್ಕೆ ನಿಲ್ಲಲಿಲ್ಲ. ಗರ್ಹಿತ, ಸಾವದ್ಯ, ಅಪ್ರಿಯ ವಚನಗಳನ್ನೂ ನಾಲ್ಕನೆಯದಾಗಿ ಅಸತ್ಯದಲ್ಲಿಯೇ ಸೇರಿಸಿದರು. ಚಾಡಿ, ಕುಚೋದ್ಯ, ಕರ್ಕಶವಾದ ನುಡಿ, ಅಸಂಬದ್ಧ ಪ್ರಲಾಪ ಇವು ಗರ್ಹಿತ. ಕೇಳಿದವರಲ್ಲಿ ಭಯ, ಖೇದ, ವೈರ, ಶೋಕ, ಕಲಹಗಳನ್ನು ಹುಟ್ಟಿಸುವುದು ಅಪ್ರಿಯ. ಅಂದರೆ ಸಂಗತಿ ನಡೆದಿರಬಹುದು. ಅದನ್ನು ಪ್ರಮಾದದಿಂದ, ಕಷಾಯದಿಂದ, ಇನ್ನೊಂದು ಜೀವವನ್ನು ಇರಿಯಲೆಂದು ಹೇಳಿದಾಗ ಆ ಮಾತು ಸತ್ಯದ ಪಂಕ್ತಿಯಿಂದ ಏಳಬೇಕಾಗುತ್ತದೆ. ಆಟದಲ್ಲಿ ನ್ಯಾಯವಾಗಿ ನಡೆಯಲಿಲ್ಲ, ಆ ಮಾತನ್ನು ಆಡಬಾರದಿತ್ತು ಎಂದು ಬರೆಯುವುದನ್ನು ಯಾವ ಶಾಸ್ತ್ರವೂ ತಡೆಯುವುದಿಲ್ಲ. ಅದಕ್ಕೆ ತಾಯಿಯ ಹೆಸರೇಕೆ, ಮೈಬಣ್ಣವೇಕೆ, ಜಾತಿಯೇಕೆ?

ಮೇಲಾಗಿ ನಾವು ನೋಡಿದುದಾದರೂ ಎಷ್ಟು? ಆ ಮನೆಯೊಳಗೆ ಇಪ್ಪತ್ತನಾಲ್ಕು ಗಂಟೆಗಳ ಜೀವನ ನಡೆಯುತ್ತದೆ. ನಮಗೆ ತಲುಪುವುದು ಕತ್ತರಿಸಿ ಜೋಡಿಸಿದ ಒಂದು, ಒಂದೂವರೆ ಗಂಟೆ. ಜಗಳ ಉಳಿಯುತ್ತದೆ, ಜಗಳದ ನಂತರ ನೀರು ತಂದುಕೊಟ್ಟದ್ದು ಕತ್ತರಿಗೆ ಹೋಗುತ್ತದೆ. ಹಿನ್ನೆಲೆಯ ಸಂಗೀತವು ಯಾರನ್ನು ದ್ವೇಷಿಸಬೇಕೆಂದು ಮೊದಲೇ ತಿಳಿಸಿಕೊಡುತ್ತದೆ. ವಸ್ತುವಿನ ಅನಂತ ಧರ್ಮಗಳಲ್ಲಿ ಒಂದನ್ನು ಹಿಡಿದು ಇದಿಷ್ಟೇ ಎನ್ನುವವನನ್ನು ಏಕಾಂತವಾದಿಯೆಂದು ಖಂಡಿಸಿದ ಅನೇಕಾಂತದ ವಾರಸುದಾರರು ನಾವು. ಆದರೆ ಒಬ್ಬ ಮನುಷ್ಯನ ಇಡೀ ಶೀಲವನ್ನು ಎರಡು ನಿಮಿಷದ ತುಣುಕಿನಿಂದ ತೀರ್ಮಾನಿಸಿ ಬಿಡುತ್ತೇವೆ.

ಅದೇ 2024ರ ಮರಾಠಿ ಆವೃತ್ತಿಗೆ ಬಾರಾಮತಿ ತಾಲ್ಲೂಕಿನ ಹಳ್ಳಿಯೊಂದರ ಸೂರಜ್ ಚವ್ಹಾಣ ಎಂಬ ಯುವಕ ಹೋಗಿದ್ದನ್ನು ತಾವು ಬಲ್ಲಿರಿ. ಚಿಕ್ಕಂದಿನಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಅಕ್ಕಂದಿರ ಆಸರೆಯಲ್ಲಿ ಬೆಳೆದವನು, ಮೊಬೈಲಿನ ಕಿರುಚಿತ್ರಗಳಿಂದ ಹೆಸರಾದವನು. ಆತ ಮನೆಯನ್ನು ಪ್ರವೇಶಿಸಿದಾಗ "ಇಂಥವನಿಗೂ ಅವಕಾಶವೇ" ಎಂದು ಅವನ ರೂಪವನ್ನೂ ಮಾತಿನ ಧಾಟಿಯನ್ನೂ ಹೀಯಾಳಿಸಿದವರಿಗೆ ಲೆಕ್ಕವಿರಲಿಲ್ಲ. ಎಪ್ಪತ್ತು ದಿನಗಳ ಮೇಲೆ ಆತನೇ ಗೆದ್ದ. ನಾಲ್ಕು ತಿಂಗಳೊಳಗಾಗಿ, 2025ರ ಜನವರಿ 26ರಂದು, ಕನ್ನಡದ ಹನ್ನೊಂದನೆಯ ಆವೃತ್ತಿಯಲ್ಲಿ ಹಾವೇರಿ ಜಿಲ್ಲೆಯ ಹನುಮಂತ ಲಮಾಣಿ ಗೆದ್ದರು; ಕುರಿ ಕಾಯುತ್ತ ಹಾಡುತ್ತಿದ್ದ ಜಾನಪದ ಗಾಯಕರು, ಉತ್ತರ ಕರ್ನಾಟಕದ ತಮ್ಮ ಮಾತನ್ನು ಒಂದಿಷ್ಟೂ ತಿದ್ದಿಕೊಳ್ಳದೆ ಗೆದ್ದವರು. ಎರಡೂ ರಾತ್ರಿಗಳಲ್ಲಿ ನಮ್ಮ ಊರುಗಳಲ್ಲಿ ಸಂತೋಷವಿತ್ತು. ಹೀಯಾಳಿಸಿದ್ದ ಬೆರಳುಗಳೇ ಅಭಿನಂದನೆಯನ್ನೂ ಬರೆದವು. ಲೋಕದ ಲೆಕ್ಕದಲ್ಲಿ ಹಳೆಯದು ಹೋಯಿತು, ಹೊಸದು ಬಂದಿತು. ಆದರೆ ಅಂದು ಹರಿದು ಬಂದ ಕರ್ಮಪುದ್ಗಲಗಳು ಈ ಅಭಿನಂದನೆಯನ್ನು ಓದುವುದಿಲ್ಲ.

ಮಾತಿನ ಧಾಟಿಯನ್ನು ಹೀಯಾಳಿಸುವ ವಿಷಯದಲ್ಲಿ ಗಡಿಯವರಾದ ನಾವು ಇತರರಿಗಿಂತ ಹೆಚ್ಚು ಅರಿತಿರಬೇಕು. ನಮ್ಮ ಕನ್ನಡ ಬೆಂಗಳೂರಿನಲ್ಲಿ ನಗೆಗೀಡಾಗುತ್ತದೆ, ನಮ್ಮ ಮರಾಠಿ ಪುಣೆಯಲ್ಲಿ. ಉಮದಿ, ಸಂಖ, ಮಾಡಗ್ಯಾಳ ಕಡೆಯ ಮಕ್ಕಳು ನಗರದ ವಸತಿಗೃಹಗಳಲ್ಲಿ ಮೊದಲ ತಿಂಗಳು ಮಾತನ್ನೇ ಕಡಿಮೆ ಮಾಡುವುದನ್ನು ಬಲ್ಲೆವು. 2022ರ ನವೆಂಬರಿನಲ್ಲಿ ಗಡಿವಿವಾದ ಮತ್ತೆ ಎದ್ದು ಜತ್ತ ತಾಲ್ಲೂಕಿನ ಹಳ್ಳಿಗಳ ಹೆಸರು ಎರಡೂ ರಾಜ್ಯಗಳ ಸುದ್ದಿಯಲ್ಲಿ ಬಂದಾಗ, ಎರಡು ಭಾಷೆಗಳಲ್ಲಿಯೂ ಹರಿದಾಡಿದ ನುಡಿಗಳನ್ನು ಎರಡನ್ನೂ ಓದಬಲ್ಲ ನಮ್ಮ ಮನೆಗಳಷ್ಟು ಪೂರ್ತಿಯಾಗಿ ಓದಿದವರು ಯಾರು? ಬೈಗುಳದ ರುಚಿ ನಮಗೆ ಎರಡೂ ಕಡೆಯಿಂದ ಗೊತ್ತಿದೆ.

ಬೈಸಿಕೊಂಡವರೇ ಬೈಯುವವರಾಗುವುದೂ ಉಂಟು. ಜೇಡ್ ಗುಡಿ ಎಂಬ ಇಂಗ್ಲೆಂಡಿನ ಬಡ ಮನೆತನದ ಹುಡುಗಿ 2002ರಲ್ಲಿ ಅಲ್ಲಿಯ 'ಬಿಗ್ ಬ್ರದರ್'ಗೆ ಬಂದಾಗ ಪತ್ರಿಕೆಗಳು ಅವಳ ದೇಹವನ್ನೂ ಅಜ್ಞಾನವನ್ನೂ ಹಿಡಿದು ನಿರ್ದಯವಾಗಿ ಅಪಹಾಸ್ಯ ಮಾಡಿದವು. 2007ರ ಜನವರಿಯಲ್ಲಿ ಅದರ ಖ್ಯಾತನಾಮರ ಆವೃತ್ತಿಗೆ ಅವಳು ಮತ್ತೆ ಬಂದಳು. ಅದೇ ಮನೆಯಲ್ಲಿ ಮಂಗಳೂರಿನಲ್ಲಿ ಜನಿಸಿದ, ತುಳು ಮನೆಮಾತಿನ ನಟಿ ಶಿಲ್ಪಾ ಶೆಟ್ಟಿ ಇದ್ದರು. ಜೇಡ್ ಮತ್ತು ಸಂಗಡಿಗರು ಶಿಲ್ಪಾರ ಹೆಸರು, ಉಚ್ಚಾರಣೆ, ಅಡುಗೆಯನ್ನು ಹಿಡಿದು ಆಡಿದ ಮಾತುಗಳಿಗಾಗಿ 40 ಸಾವಿರಕ್ಕೂ ಹೆಚ್ಚು ದೂರುಗಳು ಸಲ್ಲಿಕೆಯಾದವು, ಎರಡು ದೇಶಗಳ ಸರಕಾರಗಳು ಮಾತನಾಡುವಂತಾಯಿತು. ಜೇಡ್ ಹೊರಬಿದ್ದಳು, ಶಿಲ್ಪಾ ಗೆದ್ದರು. ಹೆಚ್ಚಿನವರು ಕಥೆಯನ್ನು ಇಲ್ಲಿಗೆ ಮುಗಿಸುತ್ತಾರೆ. 2008ರಲ್ಲಿ ಹಿಂದಿಯ 'ಬಿಗ್ ಬಾಸ್' ಎರಡನೆಯ ಆವೃತ್ತಿಯ ನಿರೂಪಕಿಯಾಗಿದ್ದವರು ಶಿಲ್ಪಾ; ಆ ಮನೆಗೆ ಅತಿಥಿಯಾಗಿ ಬಂದವಳು ಜೇಡ್. ಅಲ್ಲಿರುವಾಗಲೇ ತನಗೆ ಗರ್ಭಕೊರಳಿನ ಕ್ಯಾನ್ಸರ್ ಇದೆಯೆಂಬ ಸುದ್ದಿ ಅವಳಿಗೆ ತಲುಪಿತು. 2009ರ ಮಾರ್ಚ್ 22ರಂದು ಇಪ್ಪತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡಳು. ತನ್ನನ್ನು ನಿಂದಿಸಿದವಳನ್ನು ತನ್ನ ನಾಡಿನ ಮನೆಗೆ ಬರಮಾಡಿಕೊಂಡ ಆ ಹೆಣ್ಣುಮಗಳ ನಡೆಯಲ್ಲಿ ಪ್ರಚಾರವೂ ಇತ್ತು ಎನ್ನುವವರು ಇದ್ದಾರೆ. ಇರಲಿ. ಪ್ರಚಾರಕ್ಕಾಗಿಯಾದರೂ ಕ್ಷಮಿಸಿದವರನ್ನು ನಾನು ಹೆಚ್ಚು ಕಂಡಿಲ್ಲ.

ಎಲ್ಲ ಕಡೆಯೂ ಕ್ಷಮೆಗೆ ಕಾಲಾವಕಾಶ ದೊರೆಯುವುದಿಲ್ಲ. ಜಪಾನಿನಲ್ಲಿ 'ಟೆರೇಸ್ ಹೌಸ್' ಎಂಬ ಇಂಥದೇ ಕಾರ್ಯಕ್ರಮದಲ್ಲಿ ಹಾನಾ ಕಿಮುರಾ ಎಂಬ ಕುಸ್ತಿಪಟು ಇದ್ದಳು. ತನ್ನ ಕುಸ್ತಿಯ ಉಡುಪನ್ನು ಒಗೆಯುವಾಗ ಹಾಳುಮಾಡಿದ ಸಹವಾಸಿಯ ಮೇಲೆ ಅವಳು ಸಿಟ್ಟಿಗೆದ್ದ ದೃಶ್ಯ ಪ್ರಸಾರವಾಯಿತು. ಒಂದು ಬಟ್ಟೆ, ಒಂದು ಸಿಟ್ಟು. ನಮ್ಮ ಯಾವ ಮನೆಯಲ್ಲಿ ನಡೆಯುವುದಿಲ್ಲ? ಆದರೆ ಅದಕ್ಕಾಗಿ ಅವಳ ಮೊಬೈಲಿಗೆ ವಾರಗಟ್ಟಲೆ ಬಂದ ನುಡಿಗಳನ್ನು ಆ ಇಪ್ಪತ್ತೆರಡು ವರ್ಷದ ಹುಡುಗಿ ತಾಳಲಾರದೆ ಹೋದಳು. 2020ರ ಮೇ 23ರಂದು ಅವಳು ಇಲ್ಲವಾದಳು. ಬರೆದವರಲ್ಲಿ ಇಬ್ಬರಿಗೆ ಅಂದಿನ ಕಾನೂನಿನಂತೆ ಬಿದ್ದ ದಂಡ ತಲಾ 9,000 ಯೆನ್, ಅಂದರೆ ನಮ್ಮ ಕೆಲವೇ ಸಾವಿರ ರೂಪಾಯಿ. ಅವಳ ತಾಯಿ ಎರಡು ವರ್ಷ ಹೋರಾಡಿದ ಮೇಲೆ 2022ರಲ್ಲಿ ಜಪಾನಿನ ಸಂಸತ್ತು ನಿಂದನೆಯ ಶಿಕ್ಷೆಯನ್ನು ಒಂದು ವರ್ಷದ ಸೆರೆವಾಸ ಅಥವಾ ಮೂರು ಲಕ್ಷ ಯೆನ್ ದಂಡದವರೆಗೆ ಏರಿಸಿತು. ಮಾತು ಹಿಂಸೆಯೇ ಹೌದೆಂದು ಒಂದು ದೇಶ ಒಪ್ಪಿಕೊಳ್ಳಬೇಕಾದರೆ ಒಂದು ಜೀವ ಹೋಗಬೇಕಾಯಿತು. ನಮಗೆ ಅದನ್ನು ಮಹಾವೀರ ಸ್ವಾಮಿಗಳು ಎರಡೂವರೆ ಸಾವಿರ ವರ್ಷಗಳ ಹಿಂದೆಯೇ ತಿಳಿಸಿದ್ದರು.

ಆ ಹುಡುಗಿಗೆ ಬರೆದವರಲ್ಲಿ ಪ್ರತಿಯೊಬ್ಬನೂ ಬರೆದುದು ಒಂದೋ ಎರಡೋ ಸಾಲು. ಬರೆಯದೆ ಕೇವಲ ಮೆಚ್ಚಿದವರಿಗೆ ನಾವೇನೂ ಮಾಡಲಿಲ್ಲವೆಂಬ ಭಾವನೆ. ಇಲ್ಲಿಯೇ ನಮ್ಮ ಧರ್ಮವು ಲೋಕದ ಕಾನೂನಿಗಿಂತ ಕಠಿಣವಾಗಿದೆ. ಶ್ರೀಪಾಲ ಮಹಾರಾಜ ಮತ್ತು ಮೈನಾಸುಂದರಿಯ ಕಥೆಯನ್ನು ಸಿದ್ಧಚಕ್ರ ವಿಧಾನದಲ್ಲಿ ನಾವೆಲ್ಲ ಕೇಳಿದ್ದೇವೆ. ದಿಗಂಬರರೂ ಶ್ವೇತಾಂಬರರೂ ಸಮಾನವಾಗಿ ಆದರಿಸುವ ಕಥೆ ಅದು. ಕುಷ್ಠ ಪರಿಹಾರವಾದ ಸಂತೋಷದಲ್ಲಿ ನಾವು ಒಂದು ಪ್ರಶ್ನೆಯನ್ನು ಮರೆತುಬಿಡುತ್ತೇವೆ. ಶ್ರೀಪಾಲನೊಬ್ಬನಿಗೆ ಕುಷ್ಠ ಬಂದರೆ ಸಾಕಿತ್ತು, ಅವನೊಡನೆ ಏಳುನೂರು ಜನರಿಗೆ ಏಕೆ ಬಂದಿತು? ಪೂರ್ವಭವದಲ್ಲಿ ಅವನು ಶ್ರೀಕಾಂತನೆಂಬ ರಾಜ. ಮಲಿನ ದೇಹದ ಮುನಿಯೊಬ್ಬರನ್ನು ಕಂಡು "ಕುಷ್ಠರೋಗಿ" ಎಂದು ಹಳಿದನು. ಏಳುನೂರು ಸಂಗಡಿಗರು ಮುನಿಗೆ ಏನನ್ನೂ ಅನ್ನಲಿಲ್ಲ. ರಾಜನ ಮಾತಿಗೆ ಹೌದೆಂದರು, ನಕ್ಕರು. ಒಂದು ಬಾಯಿ ಆಡಿದ ಮಾತು, ಏಳುನೂರೊಂದು ಜನರ ಚರ್ಮದ ಮೇಲೆ ಮರಳಿ ಬಂದಿತು.

ಇದನ್ನೇ ಶಾಸ್ತ್ರವು ಕೃತ, ಕಾರಿತ, ಅನುಮೋದಿತ ಎನ್ನುತ್ತದೆ. ಮಾಡುವುದು, ಮಾಡಿಸುವುದು, ಮಾಡಿದುದಕ್ಕೆ ಸಮ್ಮತಿಸುವುದು. ನಮ್ಮ ಜಪಮಾಲೆಯಲ್ಲಿ ಮಣಿಗಳು 108 ಏಕೆಂದು ಮಕ್ಕಳು ಕೇಳಿದರೆ ಹೇಳಿರಿ: ಸಂಕಲ್ಪ, ಸಿದ್ಧತೆ, ಆರಂಭ ಎಂಬ ಮೂರು, ಮನ, ವಚನ, ಕಾಯಗಳೆಂಬ ಮೂರು, ಕೃತ-ಕಾರಿತ-ಅನುಮೋದನೆಗಳೆಂಬ ಮೂರು, ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು. ಇವುಗಳನ್ನು ಗುಣಿಸಿದರೆ ಪಾಪವು ಒಳಬರುವ 108 ದಾರಿಗಳು. ಅದರಲ್ಲಿ 36 ಮಣಿಗಳು ಕೇವಲ ಸಮ್ಮತಿಯವು! ಲೈಕ್ ಒತ್ತುವುದು, ನಗುವ ಚಿಹ್ನೆ ಹಾಕುವುದು, "ನೋಡಿರಿ, ಚೆನ್ನಾಗಿದೆ" ಎಂದು ಇನ್ನೊಂದು ಗುಂಪಿಗೆ ಕಳಿಸುವುದು ಆ 36ರೊಳಗೆ ಬರುತ್ತವೆ. ಈ ಯಂತ್ರಗಳ ರಚನೆಯೂ ಹಾಗೆಯೇ ಇದೆ: ಹೆಚ್ಚು ಜನ ಒತ್ತಿದ ಮಾತು ಮೇಲಕ್ಕೇರಿ ಇನ್ನೂ ಹೆಚ್ಚು ಜನರ ಕಣ್ಣಿಗೆ ಬೀಳುತ್ತದೆ. ಮೆಚ್ಚಿದವನು ಕೇವಲ ಮೆಚ್ಚಲಿಲ್ಲ, ಆ ಬಾಣವನ್ನು ತನ್ನ ಕೈಯಿಂದ ಮುಂದಕ್ಕೆ ತಳ್ಳಿದನು. ಅಂದು ರಾತ್ರಿ ಆ ಮನೆಯಲ್ಲಿ ನಾನು ನಕ್ಕದ್ದೂ ಹಾಗೆಯೇ.

ನಮ್ಮ ಸದಲಗಾದ ಮಣ್ಣಿನಲ್ಲಿ ಹುಟ್ಟಿ, ಕನ್ನಡವನ್ನು ಮನೆಮಾತಾಗಿ ಪಡೆದು, ಹಿಂದಿಯಲ್ಲಿ 'ಮೂಕಮಾಟಿ' ಮಹಾಕಾವ್ಯವನ್ನು ರಚಿಸಿದ ಆಚಾರ್ಯ ವಿದ್ಯಾಸಾಗರ ಮಹಾರಾಜರನ್ನು ಇಲ್ಲಿ ಸ್ಮರಿಸದಿರಲಾರೆ. ಮೂಕವಾದ ಮಣ್ಣಿಗೆ ಮಾತು ಕೊಟ್ಟ ಆ ಮಹಾಪುರುಷರು 2024ರ ಫೆಬ್ರುವರಿ 18ರಂದು ಡೋಂಗರಗಢದ ಚಂದ್ರಗಿರಿಯಲ್ಲಿ ಸಮಾಧಿಸ್ಥರಾಗುವ ಮುನ್ನ ಆಹಾರದೊಂದಿಗೆ ಮಾತನ್ನೂ ತ್ಯಜಿಸಿದರು. ಅನ್ನ ಮತ್ತು ಮಾತು ಎರಡನ್ನೂ ಒಂದೇ ಪಂಕ್ತಿಯಲ್ಲಿಟ್ಟು ಬಿಟ್ಟರು.

ಭಾಷಾಸಮಿತಿ ಮುನಿಗಳಿಗೆ ಹೇಳಿದ್ದು, ಸಂಸಾರಿಗಳಾದ ನಮಗೆ ಸಾಧ್ಯವೇ ಎನ್ನಬಹುದು. ಪೂರ್ತಿಯಾಗಿ ಸಾಧ್ಯವಿಲ್ಲ, ನಿಜ. ಆದರೆ ಸತ್ಯವ್ರತದ ಐದು ಭಾವನೆಗಳಲ್ಲಿ ಕ್ರೋಧ, ಲೋಭ, ಭಯ, ಹಾಸ್ಯಗಳ ತ್ಯಾಗದ ನಂತರ ಅನುವೀಚಿಭಾಷಣ ಎಂಬುದಿದೆಯಲ್ಲ, ಯೋಚಿಸಿ ಆಡುವ ಮಾತು, ಅದಕ್ಕೆ ಮುನಿಪದವಿ ಬೇಕಾಗಿಲ್ಲ. ಆ ಮನೆಯಲ್ಲಿ ಈಗ ಒಂದು ಕಟ್ಟಳೆ ಇದೆಯೆಂದು ಕೇಳಿದೆ: ಆಯಿಯ ಮುಂದೆ ಗಟ್ಟಿಯಾಗಿ ಓದಲಾಗದ್ದನ್ನು ಕಳಿಸುವಂತಿಲ್ಲ.

ಒಂದು ಮಾತನ್ನು ನಡುವೆ ಹೇಳಿಬಿಡುತ್ತೇನೆ, ಯಾರೂ ತಪ್ಪು ತಿಳಿಯಬಾರದು. ಸಂವತ್ಸರಿಯಂದು ನಮ್ಮ ಗುಜರಾತಿ, ಮಾರವಾಡಿ ಬಾಂಧವರು ಕೇಳುವ ಕ್ಷಮೆಯೂ, ಕ್ಷಮಾವಣಿಯಂದು ನಾವು ಹೇಳುವ ಉತ್ತಮ ಕ್ಷಮೆಯೂ ಈಗ ಹೂವಿನ ಚಿತ್ರದೊಡನೆ ಒಂದೇ ಸಲಕ್ಕೆ ಐನೂರು ಜನರಿಗೆ ಹೋಗುತ್ತದೆ. ಯಾರಿಗೆ ನಿಜವಾಗಿ ನೋವು ಮಾಡಿದೆವೋ ಅವರ ಹೆಸರು ಆ ಐನೂರರಲ್ಲಿ ಇರುವುದು ಅಪರೂಪ.

ಆ ವರ್ಷದ ಕ್ಷಮಾವಣಿಯ ದಿನ ಹುಡುಗ ನನ್ನ ಬಳಿ ಬಂದ. ತಾನು ಬರೆದುದನ್ನು ಅಳಿಸಿದ್ದೇನೆಂದೂ, ಆ ಹೆಣ್ಣುಮಗಳ ಖಾತೆಗೆ ಕ್ಷಮೆ ಕೇಳಿ ಒಂದು ಸಾಲು ಬರೆದಿದ್ದೇನೆಂದೂ ಹೇಳಿದ. ಆಟದ ಮನೆಯೊಳಗೆ ಮೊಬೈಲ್ ಇರುವುದಿಲ್ಲ. ಹೊರಗೆ ಬಂದ ದಿನ ಆಕೆ ಎಲ್ಲವನ್ನೂ ಒಟ್ಟಿಗೆ ಓದುತ್ತಾಳೆ, ಆಗ ಇದನ್ನೂ ಓದುತ್ತಾಳೆ ಎಂಬುದು ಅವನ ಲೆಕ್ಕ. ಅಲ್ಲಿಯೇ ಕುಳಿತು ಹೂಬತ್ತಿ ಹೊಸೆಯುತ್ತಿದ್ದ ಅಜ್ಜಿ ತಲೆಯೆತ್ತದೆ ಕೇಳಿದರು: "ಆಕಿ ಒಳಗದಾಳ, ಖರೆ. ಆಕಿ ಅವ್ವ ಹೊರಗದಾಳಲ್ಲ, ಆಕಿ ಓದಿರಂಗಿಲ್ಲೇನು?"

ಆ ತಾಯಿಯನ್ನು ಕ್ಷಮೆ ಕೇಳುವುದು ಹೇಗೆಂದು ಹುಡುಗ ನನ್ನನ್ನು ಕೇಳಿದ. ನನಗೆ ಉತ್ತರ ತಿಳಿಯಲಿಲ್ಲ. ಅಂದು ಬಸದಿಯಲ್ಲಿ ಎಲ್ಲರೂ ಪರಸ್ಪರ ಕೈಮುಗಿಯುವಾಗ, ನಾನು ಮೊದಲು ಆ ಹುಡುಗನಿಗೆ ಕೈಮುಗಿದೆ. ಆತ ಬರೆದಾಗ ನಾನು ನಕ್ಕಿದ್ದೆ.